ಡ್ರೈವ್ ಸೆಟ್ಟಿಂಗ್‌ನಿಂದಲೇ ಗೇರ್‌ಬಾಕ್ಸ್ ಸದ್ದು ಇಳಿಸಬಹುದೇ?

ಪ್ರಶ್ನೆ: ಕಲಬುರಗಿಯ ಕಪನೂರಿನಲ್ಲಿ ನಮ್ಮ ದಾಲ್ ಮಿಲ್ ಇದೆ. ಕಾಳು ಮೇಲೆತ್ತುವ ಎಲಿವೇಟರಿನ ಗೇರ್‌ಬಾಕ್ಸ್ 38ರಿಂದ 41 ಹರ್ಟ್ಜ್ ನಡುವೆ ವಿಪರೀತ ಕಿರುಚುತ್ತದೆ. ಗೇರ್ ಬದಲಿಸದೆ ವಿಎಫ್‌ಡಿಯಲ್ಲೇ (ಮೋಟಾರಿನ ವೇಗ ಬದಲಿಸುವ ಡ್ರೈವ್) ಸರಿಮಾಡಲು ಬರುತ್ತದೆಯೇ?

ಉತ್ತರ: ಬರುತ್ತದೆ, ಆದರೆ ಸದ್ದಿನ ಮೂಲವನ್ನು ಮೊದಲು ಹಿಡಿಯಬೇಕು. ಎಲಿವೇಟರ್ ಖಾಲಿ ಓಡಿಸಿ, ವೇಗವನ್ನು 30ರಿಂದ 50 ಹರ್ಟ್ಜ್‌ವರೆಗೆ ನಿಧಾನವಾಗಿ ಏರಿಸಿ. ವೇಗ ಏರಿದರೂ ಸ್ವರ ಬದಲಾಗದಿದ್ದರೆ ಅದು ಹೆಚ್ಚಾಗಿ ಡ್ರೈವ್‌ನ ಕ್ಯಾರಿಯರ್ ಫ್ರೀಕ್ವೆನ್ಸಿಯದು (ಡ್ರೈವ್ ವೋಲ್ಟೇಜನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಕೊಡುವ ಲಯ). ಸ್ವರ ವೇಗದ ಜೊತೆ ಏರುತ್ತಾ, ಅಬ್ಬರ ಮಾತ್ರ 38–41ರಲ್ಲಿ ಹೆಚ್ಚಿದರೆ ಅನುರಣನೆ, ಅಂದರೆ ಯಾವುದೋ ಭಾಗ ತನ್ನ ಸಹಜ ಲಯ ಸಿಕ್ಕಿ ಜೋರಾಗಿ ನಡುಗುತ್ತಿದೆ.

ಖಚಿತಪಡಿಸಿಕೊಳ್ಳಲು ಲೆಕ್ಕವಿದೆ. ನಾಲ್ಕು ಪೋಲ್ ಮೋಟಾರ್ 40 ಹರ್ಟ್ಜ್‌ನಲ್ಲಿ ಸುಮಾರು 1150 ಆರ್‌ಪಿಎಂ ತಿರುಗುತ್ತದೆ. ಅದನ್ನು 60ರಿಂದ ಭಾಗಿಸಿ, ಮೋಟಾರ್ ಕಡೆಯ ಪಿನಿಯನ್ (ಚಿಕ್ಕ ಗೇರ್) ಹಲ್ಲುಗಳ ಸಂಖ್ಯೆಯಿಂದ ಗುಣಿಸಿ. 17 ಹಲ್ಲಿದ್ದರೆ 326 ಹರ್ಟ್ಜ್; ಹಲ್ಲುಗಳು ಸೆಕೆಂಡಿಗೆ ಅಷ್ಟು ಸಲ ಕೂಡುತ್ತವೆ. ಮಿಲ್ ನಿಲ್ಲಿಸಿ, ಗೇರ್‌ಬಾಕ್ಸ್ ಕೂತ ಸ್ಟ್ಯಾಂಡಿಗೆ ಮರದ ಸುತ್ತಿಗೆಯಿಂದ ಬಡಿಯಿರಿ. ಮೊಬೈಲಿನ ಸ್ಪೆಕ್ಟ್ರಮ್ ಆ್ಯಪ್‌ನಲ್ಲಿ 326ರ ಆಸುಪಾಸು ಗೆರೆ ಎದ್ದರೆ ಕಿರುಚುತ್ತಿರುವುದು ಸ್ಟ್ಯಾಂಡು. ಗೇರು ಅದನ್ನು ಕೆಣಕುತ್ತಿದೆ ಅಷ್ಟೆ.

ಆಗ ಸ್ಕಿಪ್ ಫ್ರೀಕ್ವೆನ್ಸಿಯಲ್ಲಿ 38–41 ಹಾಕಿ. ಡ್ರೈವ್ ಆ ಪಟ್ಟಿಯನ್ನು ದಾಟಿ ಹೋಗುತ್ತದೆ, ಅಲ್ಲಿ ನಿಲ್ಲುವುದಿಲ್ಲ. ಸ್ಟ್ಯಾಂಡಿಗೆ ಅಡ್ಡಪಟ್ಟಿ ವೆಲ್ಡ್ ಮಾಡಿಸಿದರೆ ಇನ್ನೂ ಒಳ್ಳೆಯದು.

ಖಾಲಿ ಓಡುವಾಗ ಕಟಕಟ ಎಂದು, ಮಾಲು ಬಿದ್ದೊಡನೆ ಕಡಿಮೆಯಾದರೆ ಅದು ಹಲ್ಲುಗಳ ನಡುವಿನ ಸಡಿಲು. ಡ್ರೈವ್ ವೆಕ್ಟರ್ ಮೋಡ್‌ನಲ್ಲಿದ್ದರೆ (ತಿರುಗಿಸುವ ಬಲವನ್ನು ನೇರವಾಗಿ ಹಿಡಿತದಲ್ಲಿಡುವ ಕ್ರಮ) ಸ್ಪೀಡ್ ಲೂಪಿನ ಪಿ ಗೇನ್, ಅಂದರೆ ವೇಗದ ವ್ಯತ್ಯಾಸಕ್ಕೆ ಎಷ್ಟು ಜೋರಾಗಿ ಪ್ರತಿಕ್ರಿಯಿಸಬೇಕೆಂಬ ಸೆಟ್ಟಿಂಗ್, ಸ್ವಲ್ಪ ಸ್ವಲ್ಪವೇ ಇಳಿಸಿ. ಗೇನ್ ಹೆಚ್ಚಾದರೆ ಮೋಟಾರ್ ಪ್ರತಿ ಏರಿಳಿತಕ್ಕೂ ಹಲ್ಲನ್ನು ಒದೆಯುತ್ತದೆ. ವೇಗವನ್ನು ನಯವಾಗಿ ಏರಿಸುವ ಎಸ್-ಕರ್ವ್ ರ‍್ಯಾಂಪ್ ಹಾಕಿದರೆ ಶುರುವಿನ ಹೊಡೆತವೂ ತಗ್ಗುತ್ತದೆ.

ಕಂಪನಕ್ಕೆ ಎದುರಾದ ಟಾರ್ಕನ್ನು (ತಿರುಗಿಸುವ ಬಲ) ಮೋಟಾರಿನಿಂದಲೇ ಕೊಟ್ಟು ಅಳಿಸುವ ಸಕ್ರಿಯ ನಿಯಂತ್ರಣವೂ ಇದೆ. ಶಾಫ್ಟಿನ ಕೋನವನ್ನು ಎನ್‌ಕೋಡರ್ ಹೇಳುತ್ತದೆ, ಹಲ್ಲು ಕೂಡುವ ಲಯಕ್ಕೆ ಸರಿಯಾಗಿ ಕರೆಂಟನ್ನು ತಿದ್ದಲಾಗುತ್ತದೆ. ಇಲ್ಲಿ ಸಮಯವೇ ಎಲ್ಲ: 326 ಹರ್ಟ್ಜ್‌ನಲ್ಲಿ ಕಾಲು ಮಿಲಿಸೆಕೆಂಡ್ ತಡವಾದರೆ ಅರ್ಧ ಕಂಪನ ಉಳಿಯುತ್ತದೆ, ಅರ್ಧ ಮಿಲಿಸೆಕೆಂಡ್ ತಡವಾದರೆ ಲಾಭವೇ ಇಲ್ಲ, ಅದಕ್ಕೂ ಮೀರಿದರೆ ಕಂಪನ ಹೆಚ್ಚುತ್ತದೆ. ಎನ್‌ಕೋಡರ್ ಇಲ್ಲದ ಸಾಮಾನ್ಯ ವಿಎಫ್‌ಡಿಗೆ ಇದು ಸಾಧ್ಯವಿಲ್ಲ. ಎನ್‌ಕೋಡರ್ ಸಮೇತ ಬರುವ ಸರ್ವೋ ಮೋಟಾರಿಗೆ ಒಪ್ಪುವ ಕೆಲಸ.

ಆ್ಯಪ್‌ನಲ್ಲಿ 326ರ ಎರಡೂ ಬದಿಗೆ 19 ಹರ್ಟ್ಜ್ ಅಂತರದಲ್ಲಿ ಗೆರೆಗಳು ಕಂಡರೆ ಸೆಟ್ಟಿಂಗ್ ಮುಟ್ಟಬೇಡಿ. ಪಿನಿಯನ್ ಶಾಫ್ಟ್ ಓರೆಯಾಗಿರಬಹುದು ಅಥವಾ ಹಲ್ಲು ಮುರಿದಿರಬಹುದು. ಫಿಟ್ಟರನ್ನು ಕರೆಸಿ ಗೇರ್‌ಬಾಕ್ಸ್ ತೆರೆಸಿ.

ತಪ್ಪು ಕ್ಯಾರಿಯರಿನದೇ ಆಗಿದ್ದರೆ ಅದನ್ನು 2 ಕಿಲೋಹರ್ಟ್ಜ್‌ನಿಂದ 6ಕ್ಕೆ ಏರಿಸಬಹುದು. ಆದರೆ ಡ್ರೈವ್ ಹೆಚ್ಚು ಬಿಸಿಯಾಗುತ್ತದೆ, ನಮ್ಮ ಬೇಸಿಗೆಯೋ 40 ಡಿಗ್ರಿ ದಾಟುತ್ತದೆ. ಏರಿಸುವ ಮುನ್ನ ಪ್ಯಾನಲಿನ ಫ್ಯಾನು, ಹೀಟ್‌ಸಿಂಕಿನಲ್ಲಿ ಕೂತ ತೊಗರಿ ಹೊಟ್ಟನ್ನು ಬ್ಲೋವರ್‌ನಿಂದ ತೆಗೆಸಿ.