ಸರಕು ತಂದ ನೌಕೆ ಕಸ ಹೊತ್ತು ಹೊರಟಾಗ

ಬಾಹ್ಯಾಕಾಶ ನಿಲ್ದಾಣಕ್ಕೆ ಸರಕು ನೌಕೆ ಬಂದು ಸೇರಿದರೆ ಅಷ್ಟೋ ಇಷ್ಟೋ ಸುದ್ದಿಯಾಗುತ್ತದೆ. ಅದು ಅಲ್ಲಿಂದ ಹೊರಟಿದ್ದನ್ನು ಯಾರೂ ತಲೆಗೆ ಹಚ್ಚಿಕೊಳ್ಳುವುದಿಲ್ಲ. ಒಳಗಿರುವವರಿಗೆ ಮಾತ್ರ ಬರೋದೂ ಮುಖ್ಯ, ಹೋಗೋದೂ ಮುಖ್ಯ. ಊಟದ ಪೊಟ್ಟಣ, ಕೆಟ್ಟ ಯಂತ್ರದ ಭಾಗ, ಮಲ, ಹಾಕಿ ಬಿಟ್ಟ ಬಟ್ಟೆ, ಎಲ್ಲವೂ ಅದರಲ್ಲೇ ಹೋಗಬೇಕು. ಅಲ್ಲಿ ಬಟ್ಟೆ ಒಗೆಯುವ ವ್ಯವಸ್ಥೆ ಇಲ್ಲ. ಕೊಳೆಯಾದರೆ ಅದೂ ಕಸವೇ.

ಮೊದಮೊದಲು ಇಷ್ಟು ಅನುಕೂಲವೂ ಇರಲಿಲ್ಲ. 1973ರಲ್ಲಿ ಹಾರಿದ ಅಮೆರಿಕದ ಸ್ಕೈಲ್ಯಾಬ್‌ನಲ್ಲಿ ಬಳಕೆಯಾಗದ ಆಮ್ಲಜನಕದ ಟ್ಯಾಂಕನ್ನೇ ಕಸದ ಗುಂಡಿ ಮಾಡಿಕೊಂಡಿದ್ದರು. 1979ರ ಜುಲೈನಲ್ಲಿ ಕಸದ ಸಮೇತ ನಿಲ್ದಾಣವೇ ಕೆಳಗೆ ಬಿತ್ತು. ತುಂಡುಗಳು ಸಿಕ್ಕಿದ್ದು ಆಸ್ಟ್ರೇಲಿಯಾದಲ್ಲಿ. ನಮ್ಮ ತಲೆ ಮೇಲೆ ಬೀಳುತ್ತದೇನೋ ಅಂತ ಇಲ್ಲಿ ಹೆದರಿದ್ದ ಕಥೆಯನ್ನು ಹಿರಿಯರು ಈಗಲೂ ಹೇಳುತ್ತಾರೆ, ಅಲ್ವಾ? ಸೋವಿಯತ್ತಿನವರು ಸಲ್ಯೂಟ್ ನಿಲ್ದಾಣಗಳಿಂದ, ಒಳಗಿನ ಗಾಳಿ ಹೊರಹೋಗದಂತೆ ಎರಡು ಬಾಗಿಲಿರುವ ಪುಟ್ಟ ಏರ್‌ಲಾಕ್ ಮೂಲಕ ಕಸವನ್ನು ಸೀದಾ ಹೊರಗೆ ಎಸೆಯುತ್ತಿದ್ದರು.

ಇದಕ್ಕೊಂದು ದಾರಿ ಮಾಡಿದ್ದೂ ಅವರೇ. 1978ರ ಜನವರಿ 20ರಂದು ಪ್ರೋಗ್ರೆಸ್-1 ಎಂಬ ಸರಕು ನೌಕೆ ಹಾರಿತು. ಎರಡು ಟನ್‌ಗೂ ಜಾಸ್ತಿ ಇಂಧನ, ಆಹಾರ, ಸಾಮಾನು ಹೊತ್ತು ಸಲ್ಯೂಟ್-6 ಸೇರಿತು. ಅಲ್ಲಿದ್ದ ರೊಮನೆಂಕೊ ಮತ್ತು ಗ್ರೆಚ್ಕೊ ಸಾಮಾನು ಇಳಿಸಿಕೊಂಡು, ಖಾಲಿ ಜಾಗಕ್ಕೆ ಬೇಡದ್ದನ್ನೆಲ್ಲ ತುಂಬಿದರು. ಫೆಬ್ರವರಿ 6ಕ್ಕೆ ನೌಕೆ ಬೇರೆಯಾಯಿತು, ಎರಡು ದಿನದ ಮೇಲೆ ಪೆಸಿಫಿಕ್ ಸಾಗರದ ಮೇಲೆ ಉರಿದುಹೋಯಿತು. ಶಾಖ ತಡೆಯುವ ಕವಚವೇ ಅದಕ್ಕಿರಲಿಲ್ಲ. ಉರಿಯಲಿ ಅಂತಲೇ ತಾನೆ ಕಳಿಸುವುದು! ಇವತ್ತಿಗೂ ಪ್ರೋಗ್ರೆಸ್ ಹೋಗುವ ದಾರಿ ಇದೇ. ನೀರು ತಂದ ಅದರ ಟ್ಯಾಂಕಿನಲ್ಲೇ ಮೂತ್ರ ತುಂಬಿಸಿ ಕಳಿಸುವುದೂ ಉಂಟು.

ಹೊರಡುವ ಕೆಲಸ ನೋಡಲು ಸಪ್ಪೆ. ಬಾಗಿಲು ಮುಚ್ಚಿ, ಗಾಳಿ ಸೋರುತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳುತ್ತಾರೆ. ಕೊಕ್ಕೆಗಳು ಬಿಡುತ್ತವೆ, ಸ್ಪ್ರಿಂಗ್‌ಗಳು ನೌಕೆಯನ್ನು ಮೆಲ್ಲಗೆ ದೂಡುತ್ತವೆ. ಸಾಕಷ್ಟು ದೂರ ಹೋದ ಮೇಲೆ ಎಂಜಿನ್ ಉರಿಸಿ ವೇಗ ತಗ್ಗಿಸಿದರೆ ಉಳಿದ ಕೆಲಸ ವಾತಾವರಣದ್ದು. ಉಳಿದ ಚೂರು ಬೀಳಲಿ ಅಂತ ದಕ್ಷಿಣ ಪೆಸಿಫಿಕ್ ಆರಿಸಿಕೊಂಡಿದ್ದಾರೆ. ಅಲ್ಲಿನ ಪಾಯಿಂಟ್ ನೀಮೊದಿಂದ ಹತ್ತಿರದ ನೆಲಕ್ಕೇ ಸುಮಾರು 2,700 ಕಿಲೋಮೀಟರ್.

ಸಪ್ಪೆ ಕೆಲಸ ಒಮ್ಮೆ ಜೀವಕ್ಕೇ ಬಂತು. 1997ರಲ್ಲಿ ರಷ್ಯಾಕ್ಕೆ ಹಣದ ಮುಗ್ಗಟ್ಟು. ಉಕ್ರೇನಿನಿಂದ ಬರುತ್ತಿದ್ದ ದುಬಾರಿ ಕುರ್ಸ್ ಉಪಕರಣ (ನೌಕೆಯನ್ನು ನಿಲ್ದಾಣಕ್ಕೆ ತಾನಾಗಿ ಜೋಡಿಸುವಂಥದ್ದು) ಬಿಟ್ಟು, ಸರಕು ನೌಕೆಯನ್ನು ಕೈಯಲ್ಲೇ ನಡೆಸಿ ಜೋಡಿಸಬಹುದಾ ಅಂತ ನೋಡಬೇಕಿತ್ತು. ಮೀರ್ ನಿಲ್ದಾಣದಿಂದ ಬಿಡಿಸಿದ್ದ ಪ್ರೋಗ್ರೆಸ್ ಎಂ-34 ಅನ್ನೇ ಜೂನ್ 25ರಂದು ವಾಪಸ್ ಕರೆದರು. ನಿಲ್ದಾಣದ ಕಮಾಂಡರ್ ಸಿಬ್ಲಿಯೆವ್ ಟಿವಿ ಪರದೆ ನೋಡಿಕೊಂಡು ಜಾಯ್‌ಸ್ಟಿಕ್ ಹಿಡಿದಿದ್ದರು. ರೇಡಾರ್ ಆಫ್ ಆಗಿತ್ತು. ಮೋಡಗಳ ಹಿನ್ನೆಲೆಯಲ್ಲಿ ಮೀರ್ ಸರಿಯಾಗಿ ಕಾಣುತ್ತಿರಲಿಲ್ಲ. ಸುಮಾರು ಏಳು ಟನ್ನಿನ ನೌಕೆ ಸ್ಪೆಕ್ಟರ್ ಎಂಬ ಭಾಗಕ್ಕೆ ಗುದ್ದಿತು, ಗಾಳಿ ಸೋರತೊಡಗಿತು. ಬಾಗಿಲು ಹಾಕೋಣ ಅಂದರೆ ಅದರ ನಡುವೆ ಕೇಬಲ್‌ಗಳು. ಜೊತೆಗಿದ್ದ ಲಾಜುತ್ಕಿನ್ ಮತ್ತು ಅಮೆರಿಕದ ಮೈಕೆಲ್ ಫೋಲ್ ಅವನ್ನು ಕಿತ್ತು, ಕತ್ತರಿಸಿ ಸ್ಪೆಕ್ಟರ್ ಮುಚ್ಚಿದರು. ಮಲಗುತ್ತಿದ್ದ ಜಾಗ, ಸ್ವಂತ ಸಾಮಾನು ಎಲ್ಲ ಫೋಲ್‌ಗೆ ಅಲ್ಲೇ ಹೋಯಿತು. ಎಲ್ಲರೂ ಬದುಕಿದರು. ನನ್ನನ್ನು ಕೇಳಿದರೆ, ಉಳಿತಾಯ ಮಾಡಬಾರದ ಕಡೆ ಮಾಡಲು ಹೊರಟ ಉಳಿತಾಯ ಇದು.

ಎಲ್ಲ ನೌಕೆಯೂ ಉರಿಯುವುದಿಲ್ಲ. 2011ರಲ್ಲಿ ಅಮೆರಿಕದ ಶಟಲ್ ನೌಕೆಗಳ ಹಾರಾಟ ನಿಂತಾಗ, ಪ್ರಯೋಗದ ಮಾದರಿಗಳನ್ನು ಜಾಸ್ತಿ ಪ್ರಮಾಣದಲ್ಲಿ ಕೆಳಗೆ ತರಲು ಗಾಡಿಯೇ ಇಲ್ಲದಂತಾಯಿತು. 2012ರ ಮೇ 31ರಂದು ಡ್ರ್ಯಾಗನ್ ಎಂಬ ಸರಕು ನೌಕೆ ನಿಲ್ದಾಣ ಬಿಟ್ಟು ಪೆಸಿಫಿಕ್‌ನಲ್ಲಿ ಇಳಿದು ಆ ಕೊರತೆ ತುಂಬಿತು. ಸಿಗ್ನಸ್ ಎಂಬ ಸರಕು ನೌಕೆಗಳು ಉರಿದೇ ಹೋಗುತ್ತವೆ, ಆದರೆ ಸುಮ್ನೆ ಹೋಗುವುದಿಲ್ಲ. 2016ರಿಂದ ಕೆಲವು ಸಿಗ್ನಸ್‌ಗಳು ನಿಲ್ದಾಣ ಬಿಟ್ಟ ಮೇಲೆ, ಒಳಗೆ ಬೇಕಂತಲೇ ಬೆಂಕಿ ಹಚ್ಚಿ ಅದು ಹೇಗೆ ಹಬ್ಬುತ್ತದೆ ಅಂತ ನೋಡಿದರು. ಜನರಿರುವ ಕಡೆ ಇದನ್ನು ಮಾಡೋಕಾಗುತ್ತಾ? ಕಲ್ಪನಾ ಚಾವ್ಲಾ ಹೆಸರಿನ ಸಿಗ್ನಸ್ ಕೂಡ 2021ರ ಜನವರಿಯಲ್ಲಿ ಇಂಥ ಪ್ರಯೋಗ ಮುಗಿಸಿಯೇ ಕೊನೆಯಾಯಿತು.

ಹಾಗಾದರೆ ಒಂದು ನೌಕೆ ಒಯ್ಯಬೇಕಾದ್ದನ್ನು ಒಯ್ಯದೆ ಹೊರಟುಬಿಟ್ಟರೆ? ಕಸದ ಗಾಡಿ ತಪ್ಪಿದ ದಿನದ ಪಾಡೇ. 2018ರ ಅಕ್ಟೋಬರ್‌ನಲ್ಲಿ ಸೋಯುಜ್ ಎಂಎಸ್-10 ಹಾರಾಟ ಅರ್ಧಕ್ಕೇ ನಿಂತು, ಸಿಬ್ಬಂದಿ ನಿಲ್ದಾಣ ತಲುಪಲಿಲ್ಲ. ಹಳೇ ಬ್ಯಾಟರಿ ಬದಲಿಸಬೇಕಿದ್ದ ಬಾಹ್ಯಾಕಾಶ ನಡಿಗೆಗಳು ಮುಂದಕ್ಕೆ ಹೋದವು. ಆ ಹಳೇ ಬ್ಯಾಟರಿ ಒಯ್ಯಬೇಕಿದ್ದ ಜಪಾನಿನ ಸರಕು ನೌಕೆ ಎಚ್‌ಟಿವಿ-7 ಕಾಯಲಿಲ್ಲ, ಬ್ಯಾಟರಿ ಇಡುವ ತನ್ನ ಪ್ಯಾಲೆಟ್ (ಸರಕು ಕೂರಿಸುವ ಚೌಕಟ್ಟು) ಬಿಟ್ಟು ಹೊರಟಿತು. ಮುಂದೆ ಬಂದ ನೌಕೆ ಹಿಂದಿನದರ ಪ್ಯಾಲೆಟ್ ಒಯ್ದಿತು, ತನ್ನದನ್ನು ಬಿಟ್ಟಿತು. ಆ ಸರಣಿಯ ಕೊನೇ ನೌಕೆ ಎಚ್‌ಟಿವಿ-9 ಹೋದಾಗ ಒಂದು ಪ್ಯಾಲೆಟ್ ಅನಾಥವಾಗಿ ಉಳಿಯಿತು.

2021ರ ಮಾರ್ಚ್‌ನಲ್ಲಿ ಹಳೇ ಬ್ಯಾಟರಿ ತುಂಬಿದ 2.6 ಟನ್ನಿನ ಆ ಪ್ಯಾಲೆಟ್ಟನ್ನು ರೊಬೋಟ್ ತೋಳಿನಿಂದ ಹೊರಗೆ ಬಿಟ್ಟರು. ಅದಕ್ಕೆ ಎಂಜಿನ್ ಇಲ್ಲ, ಎಲ್ಲಿ ಬೀಳಬೇಕೆಂದು ಹೇಳುವವರಿಲ್ಲ. 2024ರ ಮಾರ್ಚ್ 8ರಂದು ಅದು ವಾತಾವರಣಕ್ಕೆ ಬಿತ್ತು. ಪೂರ್ತಿ ಉರಿಯುತ್ತದೆ ಅಂದುಕೊಂಡಿದ್ದು ಉರಿಯಲಿಲ್ಲ. ಸುಮಾರು 700 ಗ್ರಾಂ ತೂಕದ, 10 ಸೆಂಟಿಮೀಟರ್ ಎತ್ತರದ ಇಂಕೊನೆಲ್ ಲೋಹದ ತುಂಡೊಂದು ಫ್ಲೋರಿಡಾದ ನೇಪಲ್ಸ್‌ನಲ್ಲಿ ಒಂದು ಮನೆಯ ಸೂರು ತೂರಿ ಒಳಗೆ ಬಂತು. ಯಾರಿಗೂ ಏಟಾಗಲಿಲ್ಲ. ತುಂಡು ತಮ್ಮ ಬ್ಯಾಟರಿ ಪ್ಯಾಲೆಟ್ಟಿನದೇ ಅಂತ ನಾಸಾ ಏಪ್ರಿಲ್‌ನಲ್ಲಿ ಒಪ್ಪಿಕೊಂಡಿತು. 1972ರ ಅಂತರರಾಷ್ಟ್ರೀಯ ಒಪ್ಪಂದ ಒಂದು ದೇಶದ ವಸ್ತು ಇನ್ನೊಂದು ದೇಶದಲ್ಲಿ ಮಾಡುವ ಹಾನಿಗೆ. ಇಲ್ಲಿ ಬ್ಯಾಟರಿ ಅಮೆರಿಕದ್ದು, ಮನೆಯೂ ಅಮೆರಿಕದ್ದೇ. ಆ ಕುಟುಂಬ 80,000 ಡಾಲರ್‌ಗೂ ಹೆಚ್ಚು ಪರಿಹಾರ ಕೇಳಿ ನಾಸಾಗೇ ಅರ್ಜಿ ಹಾಕಿತು.