ರಿವರ್‌ಬೋಟ್ ಕ್ಯಾಸಿನೋ: ನದಿ ದಂಡೆಯ ಊರಲ್ಲಿ ಜೂಜಿಗೆ ಜಾಗ ಹುಡುಕುವುದು

ನದಿಯಲ್ಲಿ ನಿಂತ ಅಥವಾ ಓಡಾಡುವ ಹಡಗಿನೊಳಗೆ, ಕಾನೂನಿನ ಒಪ್ಪಿಗೆ ಪಡೆದು ನಡೆಸುವ ಜೂಜಿನ ಮನೆಗೆ ರಿವರ್‌ಬೋಟ್ ಕ್ಯಾಸಿನೋ ಎನ್ನುತ್ತಾರೆ. ಅರ್ಥ ಇಷ್ಟೇ. ಆದರೆ ಈ ಪದ ಸುದ್ದಿಗೆ ಬಂದಾಗಲೆಲ್ಲ ಜೊತೆಗೆ ಒಂದು ಜಗಳವೂ ಬರುತ್ತದೆ. ಕ್ಯಾಸಿನೋ ಎಲ್ಲಿ ಬರಬೇಕು? ಹಳೆ ಪೇಟೆಯ ಮಗ್ಗುಲಲ್ಲೋ, ಊರಾಚೆ ಹೆದ್ದಾರಿ ಪಕ್ಕದಲ್ಲೋ? ನದಿ ದಂಡೆ ಯಾರದ್ದು? ಈ ಜಗಳ ಅರ್ಥವಾಗಬೇಕಾದರೆ ಜೂಜಿಗೂ ನೀರಿಗೂ ನಂಟು ಹೇಗೆ ಬೆಳೆಯಿತು ಅಂತ ಮೊದಲು ನೋಡಬೇಕು.

ಅಮೆರಿಕದ ಮಿಸಿಸಿಪ್ಪಿ ನದಿಯಲ್ಲಿ 19ನೇ ಶತಮಾನದಲ್ಲಿ ಉಗಿ ಹಡಗುಗಳು ಓಡಾಡುತ್ತಿದ್ದವು. ಹತ್ತಿ, ಧಾನ್ಯ, ಪ್ರಯಾಣಿಕರು ಎಲ್ಲ ಅದರಲ್ಲೇ. ಪ್ರಯಾಣ ಉದ್ದ, ಹೊತ್ತು ಹೋಗಬೇಕಲ್ಲ, ಇಸ್ಪೀಟು ಜೋರಾಗಿ ನಡೆಯುತ್ತಿತ್ತು. ರೈಲು ಬಂದ ಮೇಲೆ ಹಡಗೂ ಹೋಯಿತು, ಆಟವೂ ಹೋಯಿತು. 1980ರ ದಶಕದಲ್ಲಿ ಅಯೋವಾ ರಾಜ್ಯದ ನದಿ ಊರುಗಳಲ್ಲಿ ಕೃಷಿ ಯಂತ್ರಗಳ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಕೆಲಸ ಇಲ್ಲ, ಪೇಟೆಗೆ ಜನ ಇಲ್ಲ. ಆಗ ಹಳೇ ನೆನಪನ್ನೇ ಬಂಡವಾಳ ಮಾಡಿಕೊಳ್ಳುವ ಯೋಚನೆ ಬಂತು. 1989ರಲ್ಲಿ ಕಾನೂನಾಯಿತು. 1991ರ ಏಪ್ರಿಲ್ 1ರಂದು ಮೊದಲ ಹಡಗುಗಳು ಹೊರಟವು.

ಶುರುವಿನಲ್ಲಿ ನಿಯಮ ಬಿಗಿಯಾಗಿತ್ತು. ಐದು ಡಾಲರ್‌ಗಿಂತ ಜಾಸ್ತಿ ಪಣ ಕಟ್ಟುವಂತಿಲ್ಲ. ಒಂದು ಪಯಣದಲ್ಲಿ 200 ಡಾಲರ್‌ಗಿಂತ ಹೆಚ್ಚು ಕಳೆದುಕೊಳ್ಳುವಂತಿಲ್ಲ. ನೀರನ್ನೇ ಆರಿಸಿಕೊಂಡಿದ್ದರ ಹಿಂದೆ ಒಂದು ಲೆಕ್ಕಾಚಾರ ಇತ್ತು. ನೆಲದ ಮೇಲೆ ಅಂದರೆ ನಾಳೆ ಗಲ್ಲಿಗೊಂದು ಕೇಳುತ್ತಾರೆ. ನೀರಿನ ಮೇಲೆ ಅಂದರೆ ನಾಲ್ಕಾರು ಊರಿಗೆ ಮುಗಿಯುತ್ತದೆ. ಹಡಗು ಹೊರಟು ವಾಪಸ್ ಬರುವಷ್ಟು ಹೊತ್ತು ಆಟ, ಆಮೇಲೆ ಇಳಿದು ಮನೆಗೆ. ಜೂಜು ಬೇಡ ಅನ್ನುವವರಿಗೂ, ಊರು ಉಳಿಯಬೇಕು ಅನ್ನುವವರಿಗೂ ಇದು ಒಪ್ಪಿಗೆಯಾಯಿತು.

ಈ ಏರ್ಪಾಡು ಬಹಳ ದಿನ ಬಾಳಲಿಲ್ಲ. ಪಕ್ಕದ ಇಲಿನಾಯ್ ರಾಜ್ಯ ಪಣಕ್ಕೆ ಮಿತಿಯೇ ಇಲ್ಲದೆ ಹಡಗು ಬಿಟ್ಟಿತು. ಕೆಳಗಿನ ಮಿಸಿಸಿಪ್ಪಿ ರಾಜ್ಯ ಹಡಗು ಕದಲಲೇಬೇಕಾಗಿಲ್ಲ ಅಂದಿತು. ಅಯೋವಾದ ಬೆಟೆಂಡಾರ್ಫ್‌ನಲ್ಲಿ ಮೊದಲ ದಿನವೇ ಹೊರಟಿದ್ದ ‘ಡೈಮಂಡ್ ಲೇಡಿ’ ಹಡಗು 1992ರಲ್ಲಿ ಲಂಗರು ಕಿತ್ತು ಮಿಸಿಸಿಪ್ಪಿಯ ಬಿಲಾಕ್ಸಿಗೆ ಹೋಗಿಬಿಟ್ಟಿತು. ಕಾರ್ಖಾನೆ ಮುಚ್ಚಿದರೆ ಕಟ್ಟಡವಾದರೂ ಉಳಿಯುತ್ತದೆ. ಹಡಗು ಹೋದರೆ ಖಾಲಿ ದಂಡೆ ಅಷ್ಟೇ. 1994ರಲ್ಲಿ ಅಯೋವಾ ಕೂಡ ಪಣದ ಮಿತಿ ತೆಗೆಯಿತು. ಆಮೇಲಾಮೇಲೆ ಹಡಗುಗಳು ಕಟ್ಟೆಗೆ ಕಟ್ಟಿಹಾಕಿಕೊಂಡೇ ಆಟ ನಡೆಸುವುದು ಎಲ್ಲ ಕಡೆ ರೂಢಿಯಾಯಿತು.

ಮಿಸೌರಿ ರಾಜ್ಯದಲ್ಲಿ ಇದು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿನ ಕ್ಯಾಸಿನೋಗಳು ನದಿಯ ಪಕ್ಕದಲ್ಲಿ ಹೊಂಡ ತೋಡಿ, ನದಿ ನೀರು ತುಂಬಿ, ಅದರಲ್ಲಿ ತೇಲುವ ಕಟ್ಟಡ ಇಟ್ಟವು. ಅಲ್ಲಿಯ ಜನ ಇದನ್ನು ‘ಬೋಟ್ ಇನ್ ಎ ಮೋಟ್’ ಅಂತ ಕರೆಯುತ್ತಾರೆ, ಅಂದರೆ ಕಂದಕದೊಳಗಿನ ದೋಣಿ. 1997ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಇದು ಸರಿಯಿಲ್ಲ ಅಂದಿತು. ಮರುವರ್ಷ ನವೆಂಬರ್‌ನಲ್ಲಿ ಜನರ ಮತ ಕೇಳಿ ಸಂವಿಧಾನವನ್ನೇ ತಿದ್ದಿದರು. ಮಿಸೌರಿ ಅಥವಾ ಮಿಸಿಸಿಪ್ಪಿ ನದಿಯ ಮುಖ್ಯ ಹರಿವಿನ ಅಂಚಿನಿಂದ 1000 ಅಡಿ ಒಳಗೆ ಮನುಷ್ಯರೇ ಮಾಡಿದ ಹೊಂಡ ಇದ್ದರೂ ಸಾಕು ಎಂದಾಯಿತು. ಇತ್ತೀಚಿನ ಕಾನೂನಿನಲ್ಲಿ ಕಟ್ಟಡ ತೇಲಬೇಕು ಅಂತಲೂ ಇಲ್ಲ. ಅದರ ಕೆಳಗೋ ಒಳಗೋ 2000 ಗ್ಯಾಲನ್ ನೀರು ಇದ್ದರೆ ಆಯಿತು, ಟ್ಯಾಂಕ್‌ನಲ್ಲಿ ಇಟ್ಟರೂ ನಡೆಯುತ್ತದೆ. 2000 ಗ್ಯಾಲನ್ ಅಂದರೆ ಸುಮಾರು 7,500 ಲೀಟರ್. ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಬೇಸಿಗೆಯಲ್ಲಿ ಬರುವ ಒಂದು ಟ್ಯಾಂಕರ್‌ನಷ್ಟು ನೀರು! ಆ ನೀರಿನ ಮೇಲೆ ನಿಂತ ಸಿಮೆಂಟ್ ಕಟ್ಟಡ ಕಾನೂನಿನ ಕಣ್ಣಿಗೆ ನದಿ ಜೂಜಿನ ತಾಣ.

ಜಾಗದ ಪ್ರಶ್ನೆ ಬರುವುದು ಇಲ್ಲಿಯೇ. ಕಾನೂನು 1000 ಅಡಿ ಅಂದಾಗ ಇಡೀ ಊರಿನ ನಕ್ಷೆಯಲ್ಲಿ ಒಂದು ಸಣ್ಣ ಪಟ್ಟಿ ಮಾತ್ರ ಉಳಿಯುತ್ತದೆ. ನದಿ ಊರುಗಳಲ್ಲಿ ಆ ಪಟ್ಟಿಯಲ್ಲಿ ಇರುವುದು ಹಳೆ ಪೇಟೆ, ಗೋದಾಮುಗಳು, ರೈಲು ಹಳಿ, ಬಡವರ ಮನೆಗಳು, ಸಂಜೆ ಜನ ಕೂರುವ ದಂಡೆ. ಇವುಗಳಲ್ಲಿ ಯಾವುದನ್ನು ಬಿಟ್ಟುಕೊಡುವುದು ಅನ್ನುವುದೇ ನಿಜವಾದ ಆಯ್ಕೆ. ಊರಿಗೆ ಯಾವ ಜಾಗ ಒಳ್ಳೆಯದು ಅನ್ನುವ ಪ್ರಶ್ನೆಗಿಂತ ಮೊದಲು, ಯಾವ ಜಾಗಕ್ಕೆ ಲೈಸೆನ್ಸ್ ಸಿಗುತ್ತದೆ ಅನ್ನುವುದು ತೀರ್ಮಾನ ಆಗಿಬಿಟ್ಟಿರುತ್ತದೆ.

ಕೇಪ್ ಜಿರಾರ್ಡೊ ಎಂಬ ಊರಿನ ಕಥೆ ನೋಡಿ. ಮಿಸೌರಿ ರಾಜ್ಯದೊಳಗೆ, ಮಿಸಿಸಿಪ್ಪಿ ನದಿಯ ದಂಡೆಯಲ್ಲಿ ಸುಮಾರು 40 ಸಾವಿರ ಜನರ ಊರು. ಮಿಸೌರಿಯಲ್ಲಿ ಕ್ಯಾಸಿನೋ ಲೈಸೆನ್ಸ್ 13ಕ್ಕಿಂತ ಹೆಚ್ಚು ಕೊಡುವಂತಿಲ್ಲ ಅಂತ 2008ರಲ್ಲಿ ನಿಯಮವಾಗಿತ್ತು. 2010ರಲ್ಲಿ ಸೇಂಟ್ ಲೂಯಿಸ್‌ನ ‘ಅಡ್ಮಿರಲ್’ ಹಡಗಿನ ಕ್ಯಾಸಿನೋ ಮುಚ್ಚಿತು, ಒಂದು ಲೈಸೆನ್ಸ್ ಖಾಲಿಯಾಯಿತು. ಹಲವರು ಅದರ ಹಿಂದೆ ಬಿದ್ದರು. ಸೇಂಟ್ ಲೂಯಿಸ್ ಕಡೆಯಿಂದಲೂ ಅರ್ಜಿ ಇತ್ತು. ದೊಡ್ಡ ನಗರ, ಜನ ಜಾಸ್ತಿ, ಅಲ್ಲೇ ಕೊಡಬೇಕಿತ್ತು ಅಲ್ವಾ? ಆದರೆ ಅಲ್ಲಿ ಆಗಲೇ ಬೇಕಾದಷ್ಟು ಕ್ಯಾಸಿನೋಗಳಿದ್ದವು. ಇನ್ನೊಂದು ಬಂದರೆ ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಎಳೆದುಕೊಳ್ಳುತ್ತಾರೆ, ರಾಜ್ಯಕ್ಕೆ ಹೊಸ ತೆರಿಗೆ ಹುಟ್ಟುವುದು ಕಡಿಮೆ. ಹಾಗಾಗಿ ಲೈಸೆನ್ಸ್ ಕೊಡುವ ರಾಜ್ಯದ ಗೇಮಿಂಗ್ ಕಮಿಷನ್ ಒಂದು ಗಂಟೆ, ಎರಡು ಗಂಟೆ ಕಾರಿನ ದೂರದಲ್ಲಿ ಯಾರಿದ್ದಾರೆ, ಅವರು ಈಗ ಎಲ್ಲಿಗೆ ಹೋಗುತ್ತಾರೆ ಅಂತ ಅಳೆಯುತ್ತದೆ. ಆ ಲೆಕ್ಕದಲ್ಲಿ ಕೇಪ್ ಜಿರಾರ್ಡೊ ಗೆದ್ದಿತು. ಅದಕ್ಕೂ ಮುಂಚೆ, 2010ರ ನವೆಂಬರ್‌ನಲ್ಲಿ, ಊರಿನವರು ಮತ ಹಾಕಿ ಒಪ್ಪಿಗೆ ಕೊಟ್ಟಿದ್ದರು. ಹಳೆ ಪೇಟೆಯ ಉತ್ತರಕ್ಕೆ ಮೇನ್ ಸ್ಟ್ರೀಟ್‌ನಲ್ಲಿ ಕಟ್ಟಡ ಎದ್ದಿತು. 2012ರ ಅಕ್ಟೋಬರ್ ಕೊನೆಯಲ್ಲಿ ಬಾಗಿಲು ತೆರೆಯಿತು. ನಿಜವಾಗಿ ನೀರಿನ ಮೇಲಿದ್ದ ಅಡ್ಮಿರಲ್ ಹಡಗು ಅಷ್ಟರಲ್ಲಿ ಗುಜರಿಗೆ ಹೋಗಿತ್ತು.

ಊರು ಯಾಕೆ ಒಪ್ಪಿತು ಅಂದರೆ ದುಡ್ಡಿನ ವಿಷಯ ಇದೆ. ಇಂಥ ಊರಿಗೆ ಕಾನೂನಿನಲ್ಲಿ ‘ಹೋಮ್ ಡಾಕ್’ ಊರು ಅಂತ ಹೆಸರು, ಹಡಗಿನ ತವರು ಅನ್ನಬಹುದು. ಜೂಜುಗಾರರು ಕಳೆದುಕೊಂಡು ಕ್ಯಾಸಿನೋಗೆ ಉಳಿದ ಮೊತ್ತದ ಮೇಲೆ 21 ಶೇಕಡಾ ತೆರಿಗೆ. ಅದರಲ್ಲಿ ಹತ್ತನೇ ಒಂದು ಪಾಲು ತವರು ಊರಿಗೆ. ತಲೆಗೆ ಎರಡು ಡಾಲರ್ ಪ್ರವೇಶ ಶುಲ್ಕ, ಅದರಲ್ಲಿ ಒಂದು ಡಾಲರ್ ಊರಿಗೆ. ಈ ಶುಲ್ಕವನ್ನು ಎರಡೆರಡು ಗಂಟೆಗೆ ಒಮ್ಮೆ ಲೆಕ್ಕ ಹಾಕುತ್ತಾರೆ. ಹಡಗು ಹೋಗಿ ಬರುತ್ತಿದ್ದ ಕಾಲದ ಗುರುತು ಅದೊಂದೇ ಉಳಿದಿದೆ. ರಸ್ತೆ, ಚರಂಡಿ, ಪೊಲೀಸ್ ಖರ್ಚು ಇರುವ ಸಣ್ಣ ನಗರಸಭೆಗೆ ಇದು ಕಡಿಮೆ ಮೊತ್ತವಲ್ಲ.

ನೀರಿಗೂ ಒಂದು ಮಾತಿರುತ್ತದೆ, ಅದನ್ನು ಮರೆತರೆ ಕಷ್ಟ. 2005ರ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತ ಬಂದಾಗ ಬಿಲಾಕ್ಸಿಯ ಕರಾವಳಿಯಲ್ಲಿ ಕಟ್ಟಿಹಾಕಿದ್ದ ದೊಡ್ಡ ಕ್ಯಾಸಿನೋ ಬಾರ್ಜ್‌ಗಳು, ಅಂದರೆ ಚಪ್ಪಟೆ ತಳದ ತೇಲು ದೋಣಿಗಳು, ಕಿತ್ತುಕೊಂಡು ಹೆದ್ದಾರಿ ದಾಟಿ ಬಿದ್ದವು. ಅದೇ ವರ್ಷ ಮಿಸಿಸಿಪ್ಪಿ ರಾಜ್ಯ ನಿಯಮ ಬದಲಿಸಿ, ದಡದಿಂದ 800 ಅಡಿ ಒಳಗೆ ನೆಲದ ಮೇಲೇ ಕಟ್ಟಬಹುದು ಅಂದಿತು. ಅಯೋವಾದ ಡ್ಯಾವೆನ್‌ಪೋರ್ಟ್‌ನಲ್ಲಿ ನದಿಗೆ ಕಾಯಂ ತಡೆಗೋಡೆ ಇಲ್ಲ, ಪ್ರವಾಹ ಬಂದರೆ ದಂಡೆ ಮುಳುಗುತ್ತದೆ. ಅಲ್ಲಿ ಇಪ್ಪತ್ತೈದು ವರ್ಷ ಪೇಟೆಯ ಎದುರು ನಿಂತಿದ್ದ ಕ್ಯಾಸಿನೋ 2016ರಲ್ಲಿ ಊರಾಚೆ ಎರಡು ಹೆದ್ದಾರಿ ಸೇರುವ ಜಾಗಕ್ಕೆ ಹೋಯಿತು. ಪಾರ್ಕಿಂಗ್ ಸಿಕ್ಕಿತು, ಪ್ರವಾಹದ ಭಯ ಹೋಯಿತು, ದಂಡೆ ಊರಿನ ಕೈಗೆ ಬಂತು. ಅಯೋವಾ ನೀರಿನ ಷರತ್ತು ಕೈಬಿಟ್ಟ ಮೇಲೆ ಮಾಲೀಕರು ಹೆದ್ದಾರಿಯನ್ನೇ ಹುಡುಕಿಕೊಂಡು ಹೋದರು ಅನ್ನುವುದನ್ನು ಗಮನಿಸಿ. ಅವರಿಗೆ ನದಿ ಯಾವತ್ತೂ ಬೇಕಾಗಿರಲಿಲ್ಲ.

ಇಷ್ಟು ದೂರದ ಕಥೆ ನಮಗೇಕೆ ಅಂದರೆ, ಇದೇ ಜಗಳ ಪಣಜಿಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ನಡೆದಿದೆ. ಅದು ನಡೆಯುತ್ತಿರುವ ಮಾಂಡೋವಿ ನದಿ ನಮ್ಮ ಮಹದಾಯಿಯೇ. ಬೆಳಗಾವಿ ಜಿಲ್ಲೆ ಖಾನಾಪುರ ತಾಲ್ಲೂಕಿನ ಕಾಡಲ್ಲಿ ಹುಟ್ಟಿ, ಗೋವಾಕ್ಕಿಳಿದು, ಪಣಜಿಯ ಮುಂದೆ ಅಗಲವಾಗಿ ಹರಿದು ಸಮುದ್ರ ಸೇರುತ್ತದೆ.

ಗೋವಾದಲ್ಲಿ ಜೂಜಿನ ಕಾನೂನು 1976ರದ್ದು. 1992ರ ತಿದ್ದುಪಡಿಯಲ್ಲಿ ಪಂಚತಾರಾ ಹೋಟೆಲುಗಳಲ್ಲಿ ಸ್ಲಾಟ್ ಮೆಷಿನ್‌ಗೆ ಒಪ್ಪಿಗೆ ಸಿಕ್ಕಿತು. 1996ರಲ್ಲಿ ಮತ್ತೆ ತಿದ್ದಿ, ಮೇಜಿನ ಸುತ್ತ ಕೂತು ಆಡುವ ಆಟಗಳನ್ನು ‘ಆಫ್‌ಶೋರ್’ ಹಡಗಿನಲ್ಲಿ ಆಡಿಸಬಹುದು ಅಂದರು. ಆಫ್‌ಶೋರ್ ಅಂದರೆ ದಡದಾಚೆ, ಸಮುದ್ರದಲ್ಲಿ ಅಂತ ಓದುವವರು ತಿಳಿಯುತ್ತಾರೆ. ಆದರೆ ಹಡಗುಗಳು ನಿಂತಿದ್ದು ನದಿಯ ನಡುವೆ, ಪೇಟೆಗೆ ಕಾಣುವಷ್ಟು ಹತ್ತಿರ. ಬಾಂದೋಡಕರ್ ರಸ್ತೆಯ ಜೆಟ್ಟಿಯಲ್ಲಿ ಟಿಕೆಟ್ ಕೊಂಡು, ಕೈಗೆ ಪಟ್ಟಿ ಕಟ್ಟಿಸಿಕೊಂಡು, ಚಿಕ್ಕ ಫೀಡರ್ ಬೋಟ್ ಹತ್ತಿದರೆ ಕೆಲವೇ ನಿಮಿಷದಲ್ಲಿ ಹಡಗು. ಒಳಗೆ ರೂಲೆಟ್ ಇದೆ, ಅಂದರ್ ಬಾಹರ್ ಇದೆ, ಊಟ ಇದೆ. ವಾರಾಂತ್ಯದಲ್ಲಿ ಆ ರಸ್ತೆಯಲ್ಲಿ ಕೆಎ ನಂಬರ್ ಪ್ಲೇಟಿನ ಕಾರುಗಳಿಗೆ ಕೊರತೆ ಇರುವುದಿಲ್ಲ. ನಮ್ಮಲ್ಲಿ ಕ್ಯಾಸಿನೋಗೆ ಅವಕಾಶ ಇಲ್ಲ, ಹಾಗಾಗಿ ನಮ್ಮ ದುಡ್ಡು ಅಲ್ಲಿಗೆ ಹೋಗುತ್ತದೆ. ಗೋವಾದವರೇ ಆಡುವುದನ್ನು 2020ರ ಫೆಬ್ರವರಿಯಿಂದ ಅಲ್ಲಿಯ ಸರ್ಕಾರ ನಿಷೇಧಿಸಿದೆ. ಅಂದರೆ ಊರಿನ ಎದುರಿಗಿರುವ ಈ ವ್ಯವಹಾರ ಊರಿನವರಿಗಾಗಿ ಇರುವುದಲ್ಲ ಎಂದು ಸರ್ಕಾರವೇ ಒಪ್ಪಿಕೊಂಡ ಹಾಗೆ.

ಆ ದಂಡೆ ಎಂಥದ್ದು ಅಂದರೆ, ಬಿಜಾಪುರದ ಆದಿಲ್ ಶಾಹಿಗಳ ಕಾಲದ ಅರಮನೆ ಅಲ್ಲೇ ಇದೆ. ಬೆತಿಮ್‌ಗೆ ಹೋಗುವ ಫೆರಿ ಅಲ್ಲಿಂದಲೇ ಹೊರಡುತ್ತದೆ. ಮೀನುಗಾರರ ದೋಣಿಗಳ ದಾರಿಯೂ ಅದೇ. ಇಂಥ ಜಾಗದಲ್ಲಿ ಆರು ಹಡಗು ನಿಲ್ಲಿಸುವ ಮೊದಲು ಪಣಜಿಯವರ ಮತ ಕೇಳಿರಲಿಲ್ಲ. ಕೇಪ್ ಜಿರಾರ್ಡೊದಲ್ಲಿ ನೀರಿನ ನೆಪ ಎಷ್ಟೇ ವಿಚಿತ್ರ ಅನ್ನಿಸಿದರೂ, ಅಲ್ಲಿ ಊರು ಕೂತು ಹೂಂ ಅಂದಿತ್ತು, ತನ್ನ ಪಾಲು ಎಷ್ಟು ಅಂತ ತಿಳಿದಿತ್ತು. ನನಗೆ ಅದೇ ದೊಡ್ಡ ವ್ಯತ್ಯಾಸ ಅನ್ನಿಸುತ್ತದೆ.

ಹಾಗಾದರೆ ಹಡಗುಗಳನ್ನು ಎಲ್ಲಿಗೆ ಕಳಿಸುವುದು? ತೆರೆದ ಸಮುದ್ರದಲ್ಲಿ ಮಳೆಗಾಲದಲ್ಲಿ ನಿಲ್ಲಲು ಆಗುವುದಿಲ್ಲ. 2017ರ ಜುಲೈನಲ್ಲಿ ಮಾಂಡೋವಿಗೆ ಬರುತ್ತಿದ್ದ ‘ಲಕ್ಕಿ 7’ ಎಂಬ ಕ್ಯಾಸಿನೋ ಹಡಗು ಮಿರಾಮಾರ್ ಕಡಲತೀರದ ಮರಳಿನಲ್ಲಿ ಸಿಕ್ಕಿಕೊಂಡಿತು. ತಿಂಗಳುಗಟ್ಟಲೆ ಅಲ್ಲೇ ಇತ್ತು. ಅಗ್ವಾದಾ ಕೊಲ್ಲಿ, ಚಾಪೋರಾ, ಸಾಲ್ ನದಿಗಳ ಹೆಸರು ಬಂದಾಗ ಅಲ್ಲಿನ ಮೀನುಗಾರರು, ಊರಿನವರು ಬೇಡ ಅಂದರು. ಬೇಡ ಅನ್ನದೆ ಏನು ಮಾಡುತ್ತಾರೆ, ಅವರ ನದಿಯೂ ನದಿಯೇ ತಾನೆ. ಆಮೇಲೆ ಪೆರ್ನೆಂ ತಾಲ್ಲೂಕಿನ ಮೋಪಾ ವಿಮಾನ ನಿಲ್ದಾಣದ ಹತ್ತಿರ, ನೆಲದ ಮೇಲೆ ಜಾಗ ಕೊಡುವ ಮಾತು ಬಂತು. ಡ್ಯಾವೆನ್‌ಪೋರ್ಟ್ ಹೆದ್ದಾರಿಗೆ ಹೋದ ದಾರಿಯೇ ಇದು. ಆದರೆ ಮೇಜಿನ ಆಟಕ್ಕೆ ಹಡಗೇ ಬೇಕು ಅನ್ನುವ 1996ರ ಮಾತು ಕಾನೂನಿನಲ್ಲಿ ಇರುವ ತನಕ ನೆಲದ ಜಾಗದಿಂದ ಪ್ರಯೋಜನ ಇಲ್ಲ.

ಈ ನಡುವೆ ನಡೆದದ್ದು ಇಷ್ಟು. ಹೊಸ ಜಾಗ ಸಿಗುವವರೆಗೆ ಅಂತ ಹೇಳಿ ಸರ್ಕಾರ ವರ್ಷಾನುಗಟ್ಟಲೆ, ಆರಾರು ತಿಂಗಳಿಗೊಮ್ಮೆ, ಮಾಂಡೋವಿಯಲ್ಲೇ ಇರಲು ಅವಧಿ ವಿಸ್ತರಿಸುತ್ತಾ ಬಂತು. ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿಯಾಗಿ ಅದು ಬರುತ್ತಿತ್ತು. ಕ್ಯಾಸಿನೋಗೆ ಜಾಗ ಇನ್ನೂ ಆಯ್ಕೆಯಾಗಿಲ್ಲ ಅಂತ ಅದನ್ನು ಓದಿಕೊಳ್ಳಬಾರದು. ಪ್ರತಿ ಸಲವೂ ಆಯ್ಕೆ ಆಗುತ್ತಿತ್ತು, ಪಣಜಿಯ ದಂಡೆಯೇ ಆಯ್ಕೆಯಾಗುತ್ತಿತ್ತು.