ಪಡ್ರೆಯನ್ನು ಪಕ್ಕದಲ್ಲಿಟ್ಟುಕೊಂಡು ಓದಿ

ಪರಿಸರದ ಬಗ್ಗೆ ಏನಾದರೂ ಓದಬೇಕು, ಎಲ್ಲಿಂದ ಶುರು ಮಾಡಲಿ ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ರೇಚಲ್ ಕಾರ್ಸನ್ ಬರೆದ ‘ಸೈಲೆಂಟ್ ಸ್ಪ್ರಿಂಗ್’. ಒಂದೇ ಷರತ್ತು. ಅದೊಂದನ್ನೇ ಓದಬೇಡಿ, ಜೊತೆಗೆ ಕಾಸರಗೋಡಿನ ಪಡ್ರೆ ಅನ್ನುವ ಊರಿನ ಕಥೆಯನ್ನೂ ಓದಿ.

ಪುಸ್ತಕ ಬಂದದ್ದು 1962ರಲ್ಲಿ, ಅಮೆರಿಕದಲ್ಲಿ. ಹಕ್ಕಿಗಳ ಸದ್ದೇ ಇಲ್ಲದ ಊರಿನ ಮೊದಲ ಅಧ್ಯಾಯವನ್ನು ಎಲ್ಲರೂ ನೆನೆಯುತ್ತಾರೆ. ಅದು ಕಲ್ಪನೆಯ ಊರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಿಶಿಗನ್‌ನ ಒಂದು ವಿಶ್ವವಿದ್ಯಾಲಯದ ಆವರಣ. ಅಲ್ಲಿನ ಎಲ್ಮ್ ಮರಗಳಿಗೆ ರೋಗ ಬರದಿರಲಿ ಅಂತ ಡಿಡಿಟಿ ಅನ್ನುವ ಕೀಟನಾಶಕ ಹೊಡೆದರು. ಎಲೆ ಉದುರಿತು. ಉದುರಿದ ಎಲೆಯನ್ನು ಎರೆಹುಳ ತಿಂದಿತು. ಮರುವರ್ಷ ಬಂದ ರಾಬಿನ್ ಹಕ್ಕಿ ಎರೆಹುಳ ತಿಂದು ಸತ್ತಿತು. ಒಂದು ರಾಬಿನ್ ಸಾಯಲು 11 ದೊಡ್ಡ ಎರೆಹುಳ ಸಾಕಂತೆ. ಹಕ್ಕಿಗೆ ಯಾರೂ ವಿಷ ಹಾಕಿರಲಿಲ್ಲ, ನೋಡಿ.

ಕಂಪನಿಗಳು ಕಾರ್ಸನ್ ಮೇಲೆ ಹರಿಹಾಯ್ದವು. ಕೀಟನಾಶಕ ಬಳಸಲೇಬಾರದು ಅಂತ ಅವರು ಎಲ್ಲೂ ಬರೆದಿರಲಿಲ್ಲ. 1964ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. 1972ರಲ್ಲಿ ಅಮೆರಿಕ ಡಿಡಿಟಿಯ ಹೆಚ್ಚಿನ ಬಳಕೆಗಳನ್ನು ನಿಲ್ಲಿಸಿತು.

ಅಲ್ಲಿಗೆ ಮುಗಿಯಬೇಕಿತ್ತು, ಅಲ್ವಾ? ನಮ್ಮ ಕಡೆ ಆಮೇಲೆ ಶುರುವಾಯಿತು. 1970ರ ದಶಕದ ಕೊನೆಯಲ್ಲಿ ಕೇರಳದ ಸರ್ಕಾರಿ ಪ್ಲಾಂಟೇಶನ್ ಕಾರ್ಪೊರೇಷನ್ ಕಾಸರಗೋಡಿನ ಗೇರು ತೋಟಗಳಿಗೆ ಹೆಲಿಕಾಪ್ಟರ್‌ನಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸಿಂಪಡಿಸತೊಡಗಿತು. ಗೇರಿನ ಚಿಗುರು ಹೀರುವ ಟೀ ಸೊಳ್ಳೆ ಅನ್ನುವ ಕೀಟಕ್ಕೆ ಅದು ಮದ್ದು. ಮುಂದೆ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದ ಕಡೆಗೂ ಇದೇ ಗತಿ.

ಎಣ್ಮಕಜೆ ಪಂಚಾಯತಿನ ಪಡ್ರೆ ಕನ್ನಡ, ತುಳು ಮಾತಾಡುವ ಗಡಿನಾಡಿನ ಊರು. ಗುಡ್ಡದ ತಲೆಯ ಮೇಲೆ ಗೇರು, ಕೆಳಗೆ ಅಡಿಕೆ ತೋಟ, ಮನೆ. ಇಲ್ಲಿನ ನೀರು ಸುರಂಗದ್ದು. ಮುರಕಲ್ಲಿನ ಗುಡ್ಡವನ್ನು ಒಬ್ಬ ಮನುಷ್ಯ ನುಗ್ಗುವಷ್ಟೇ ಅಗಲಕ್ಕೆ ಅಡ್ಡಡ್ಡ ಕೊರೆಯುತ್ತಾ ಹೋಗುತ್ತಾರೆ. ಒಸರು ಸಿಕ್ಕಿದರೆ ನೀರು ತಾನಾಗಿ ಹೊರಗೆ ಹರಿಯುತ್ತದೆ, ಅಡಿಕೆ ಮರ ಸೀಳಿ ಮಾಡಿದ ದಂಬೆ ಇಟ್ಟರೆ ಅಂಗಳಕ್ಕೇ ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಮದ್ದು ಬಿಡುವ ದಿನ ಬಾವಿ ಮುಚ್ಚಿಕೊಳ್ಳಿ ಅನ್ನುವುದು ಸುಲಭ. ಹರಿಯುವ ನೀರಿಗೆ, ತೋಡಿಗೆ ಯಾವ ಮುಚ್ಚಳ ಹಾಕುವುದು?

1979ರ ಹೊತ್ತಿಗೆ ಕಾಲು ಸೊಟ್ಟಗಾದ ಕರುಗಳು ಹುಟ್ಟಿದವು. ಅದೇ ಊರಿನ ಕೃಷಿಕ, ಪತ್ರಕರ್ತ ಶ್ರೀಪಡ್ರೆ 1981ರಲ್ಲಿ ಇದರ ಬಗ್ಗೆ ಇಂಗ್ಲಿಷಿನಲ್ಲಿ ಬರೆದರು. ತಲೆಬರಹದ ಅರ್ಥ, ಗೇರುಬೀಜಕ್ಕಿಂತ ಜೀವ ಅಗ್ಗ. ಅದಾದ ಮೇಲೂ ಹೆಲಿಕಾಪ್ಟರ್ ಸುಮಾರು ಎರಡು ದಶಕ ಹಾರಿತು. ಅಲ್ಲಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ಕ್ಲಿನಿಕ್ಕಿಗೆ ಬರುವವರಲ್ಲಿ ಮಾನಸಿಕ ಕಾಯಿಲೆ, ಕ್ಯಾನ್ಸರ್, ಅಂಗವಿಕಲ ಮಕ್ಕಳು ಇಷ್ಟು ಜಾಸ್ತಿ ಯಾಕೆ ಅಂತ ಕೇಳತೊಡಗಿದರು. ಸಿಂಪಡಣೆ ನಿಂತದ್ದು 2000ದಲ್ಲಿ. ಮರುವರ್ಷ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಊರಿನವರ ರಕ್ತದಲ್ಲಿ ಎಂಡೋಸಲ್ಫಾನ್ ಪತ್ತೆ ಮಾಡಿತು. ಉದ್ಯಮದವರು ಒಪ್ಪಲಿಲ್ಲ. ವರದಿಗೆ ಎದುರು ವರದಿ ಬಂತು. 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ (ಬೇಗ ಕರಗದ ವಿಷಗಳನ್ನು ತಡೆಯುವ ಅಂತರರಾಷ್ಟ್ರೀಯ ಒಪ್ಪಂದ) ದೇಶಗಳು ಎಂಡೋಸಲ್ಫಾನ್ ನಿಷೇಧಕ್ಕೆ ಒಪ್ಪಿದವು. ಕೊನೆಯವರೆಗೂ ಎಳೆದಾಡಿದ್ದು ಭಾರತ. ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಇಲ್ಲೂ ತಡೆ ಹಾಕಿತು. ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಅಂತ ಕೇರಳಕ್ಕೆ ಹೇಳಲು 2017 ಬರಬೇಕಾಯಿತು.

ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. ಇಲ್ಲಿ ಸಿಂಪಡಣೆ ಶುರುವಾಗುವ ಹೊತ್ತಿಗೇ ಎರೆಹುಳದ ಕಥೆ ಅಚ್ಚಾಗಿ ಹದಿನೈದು ವರ್ಷದ ಹತ್ತಿರ ಆಗಿತ್ತು. ಅದಕ್ಕೇ ನನಗೆ ಬರೀ ಎಚ್ಚರಿಕೆಯ ಪುಸ್ತಕಗಳ ಮೇಲೆ ಅಷ್ಟು ನಂಬಿಕೆ ಇಲ್ಲ. ಜೊತೆಗೆ, ಬದುಕುವ ದಾರಿ ತೋರಿಸುವವೂ ಬೇಕು. ಜಪಾನಿನ ಫುಕುವೋಕಾ ಇದ್ದಾರೆ. ಗಿಡದ ರೋಗಗಳನ್ನು ಓದಿ, ಬಂದರಿನಲ್ಲಿ ಗಿಡ ತಪಾಸಣೆ ಮಾಡುತ್ತಿದ್ದ ಮನುಷ್ಯ ಕೆಲಸ ಬಿಟ್ಟು ಊರಿಗೆ ಬಂದು, ಉಳದೆ, ವಿಷ ಹೊಡೆಯದೆ ಭತ್ತ ಬೆಳೆದರು. ಹುಲ್ಲನ್ನು ಗದ್ದೆಗೇ ಹರಡಿದರು. ಕನ್ನಡದಲ್ಲಿ ಅವರ ದಾರಿ ತಿಳಿಯಲು ತೇಜಸ್ವಿಯವರ ‘ಸಹಜ ಕೃಷಿ’ ಸಾಕು. ಎಣ್ಮಕಜೆಯ ನೋವನ್ನೇ ಅಂಬಿಕಾಸುತನ್ ಮಾಂಗಾಡ್ ಮಲಯಾಳದಲ್ಲಿ ಕಾದಂಬರಿ ಮಾಡಿದ್ದಾರೆ, ಹೆಸರೂ ‘ಎಣ್ಮಕಜೆ’.

ಇನ್ನೊಂದು, ಪುತ್ತೂರಿನ ‘ಅಡಿಕೆ ಪತ್ರಿಕೆ’. 1988ರಿಂದ ಬರುತ್ತಿದೆ. ಬರೆಯುವವರಲ್ಲಿ ಜಾಸ್ತಿ ಜನ ಕೃಷಿಕರೇ. ಸಂಪಾದಕರಾಗಿ ಅದನ್ನು ಬೆಳೆಸಿದ್ದು ಅದೇ ಶ್ರೀಪಡ್ರೆ. ಕರುವಿನ ಕಾಲಿನ ಬಗ್ಗೆ ಬರೆದವರು ಆಮೇಲೆ ವರ್ಷಗಟ್ಟಲೆ ಮಳೆನೀರು, ಮದಕ (ಮಳೆನೀರು ನಿಲ್ಲುವ ಕೆರೆ), ಸುರಂಗದ ಬಗ್ಗೆ ಬರೆದರು.

ಸುರಂಗ ಈಗಲೂ ಹಲವು ಮನೆಗಳಿಗೆ ನೀರು ಕೊಡುತ್ತಿದೆ. ಹೊಸದಾಗಿ ಕೊರೆಯುವ ಆಳುಗಳು ಮಾತ್ರ ಸಿಗುವುದಿಲ್ಲ. ಕತ್ತಲೆಯಲ್ಲಿ ಬಗ್ಗಿ ಕೂತು, ದಿನಕ್ಕೆ ಸ್ವಲ್ಪ ಸ್ವಲ್ಪವೇ ಮುಂದೆ ಹೋಗುವ ಕೆಲಸ ಅದು. ಬೋರ್‌ವೆಲ್ ಲಾರಿ ಬಂದರೆ ಎಲ್ಲಾ ಒಂದೆರಡು ದಿನದ ಮಾತು.